ಕಣ್ಣು ತೆರೆಸುವ ದಿನ

ಕಂಕುಳಲ್ಲಿ ಕನ್ನಡಿ ಅವುಚಿಕೊಂಡು, ಕೈಯಲ್ಲಿ ಒಂದು ಚೊಂಬು ಹಾಲು ಹಿಡಿದು, ಸಾರಕ್ಕಿಯ ಮುನಿಲಕ್ಷ್ಮಮ್ಮ ಜಯನಗರದ ಚಿತ್ರಕಾರ ಎಮಿಲ್ ಸಾಹೇಬರ ಮನೆಯ ಮೆಟ್ಟಿಲು ಹತ್ತಿದಳು. ೧೯೬೧ರ ಶ್ರಾವಣ.

“ಆಷಾಢಾನೂ ಕಳೀತು. ಇವತ್ತಾದ್ರೂ ನನ್ ಮಗನ ಪಟಕ್ಕೆ ಕಣ್ಣು ತೆರೆಸ್ಬಿಡಿ ಸ್ವಾಮಿ,” ಎಂದಳು ಸೇತುರಾಮನಿಗೆ. “ಏನು, ನಿಮ್ ಪಂಚಾಂಗ ಗೆದ್ದಲು ತಿಂದೋಯ್ತಾ?”

ಸೇತುರಾಮ ದೇವರ ಪಟ ಬರೆಯುವ ಮನೆತನದವನು. ಈಗ ಸಾಹೇಬರ ಹಿರಿಯ ಶಿಷ್ಯ. ಅವಳ ಮಗ ಬೈರಣ್ಣ ಮೂರು ವರ್ಷ ಈ ಮನೆಗೆ ಹಾಲು ತಂದವನು, ಎರಡು ತಿಂಗಳ ಹಿಂದೆ ಕೆರೆಯಲ್ಲಿ ಮುಳುಗಿ ಸತ್ತ. ಅವನದೊಂದು ಫೋಟೋ ಕೂಡ ಇರಲಿಲ್ಲ. ಸೇತುರಾಮ ಬರೆದ ಪಟದಲ್ಲಿ ಹಣೆ, ಮೂಗು, ತುಟಿ ಇದ್ದವು. ಕಣ್ಣಿನ ಜಾಗ ಬರಿದು. ದೇವರ ಪಟಕ್ಕೆ ಕೊನೆಯಲ್ಲಿ ಕನ್ನಡಿ ನೋಡಿ ಕಣ್ಣು ಬರೆದು, ತೆರೆದ ಕಣ್ಣಿಗೆ ಮೊದಲು ಹಾಲು ತೋರಿಸುತ್ತಾರಲ್ಲ, ಇದಕ್ಕೂ ಹಾಗೇ ಎಂದು ಅವಳು ತಿಳಿದಿದ್ದಳು.

“ಪಟ ಮುಗಿದಿದೆಯಮ್ಮಾ. ಕಣ್ಣಿಲ್ಲದ ಮುಖ ಸಾಹೇಬರ ರೀತಿ. ಈಗ ಬೊಂಬಾಯಿ, ದಿಲ್ಲೀಲೆಲ್ಲ ಹೊಸಬ್ರು ಹೀಗೇ ಬರೀತಾರೆ.”

“ಮುಗೀತಾ? ಮತ್ತೆ ಅವ್ನು ನನ್ನ ಹೆಂಗ್ ನೋಡ್ತಾನೆ?”

ಮಾತು ಕೇಳಿ ಎಮಿಲ್ ಸಾಹೇಬರು ಒಳಗಿನಿಂದ ಬಂದರು. ಯುದ್ಧಕ್ಕೆ ಮುಂಚೆ ಯುರೋಪು ಬಿಟ್ಟು ಓಡಿಬಂದವರು. ಕನ್ನಡಿ, ಹಾಲು ನೋಡಿದರು. ಆಮೇಲೆ ಹರಕು ಕನ್ನಡದಲ್ಲಿ ಹೇಳಿದರು:

“ಸೇತು, ನನ್ನ ಹೆಂಡ್ತಿ, ಮಗಳು ಅಲ್ಲೇ ಉಳಿದ್ರು. ಯುದ್ಧದಲ್ಲಿ ಕೊಂದ್ರು. ಮುಖ ಬರೀತೀನಿ, ಕಣ್ಣು ನೆನಪು ಬರಲ್ಲ. ಅದಕ್ಕೇ ಬಿಟ್ಟೆ. ಪೇಪರಿನವರು ಹೊಸ ಕಲೆ ಅಂದ್ರು, ನಾನು ಬಾಯಿ ಬಿಡಲಿಲ್ಲ. ನೀವೆಲ್ಲ ಯಾಕೆ ಬಿಟ್ರಿ?”

ಸೇತುರಾಮ ಕನ್ನಡಿ ಇಸಿದುಕೊಂಡು ಪಟದ ಪಕ್ಕ ಒರಗಿಸಿದ, ಕುಂಚ ಅದ್ದಿದ, ಬೈರಣ್ಣನನ್ನು ನೆನೆದ. ಹಾಲಿನ ಕ್ಯಾನು ಬಂತು, ಸುರಿಯುವ ಕೈ ಬಂತು, “ಹಾಲಮ್ಮೋ” ಎಂಬ ಕೂಗೂ ಬಂತು. ಕಣ್ಣು ಬರಲಿಲ್ಲ. ಕೊನೆಗೆ ಬೆರಳುಗಳೇ ತಾತ ಕಲಿಸಿದ್ದನ್ನು ಎಳೆದವು: ಮೀನಿನಾಕಾರದ, ಕಿವಿಯತ್ತ ಚಾಚಿದ ಎರಡು ಕಣ್ಣು.

ಮುನಿಲಕ್ಷ್ಮಮ್ಮ ಚೊಂಬು ಎತ್ತಿ ಹಿಡಿದು ಪಟದೆದುರು ಬಂದಳು. ನೋಡಿದಳು. ಚೊಂಬನ್ನು ಕೆಳಗಿಟ್ಟಳು.

“ಇವು ಅಮ್ಮನೋರ ಕಣ್ಣು ಸ್ವಾಮಿ. ನನ್ ಬೈರಂಗೆ ಮೆಳ್ಳೆಗಣ್ಣು. ಮೂರು ವರ್ಷ ದಿನಾ ನಿಮ್ ಮುಂದೆ ನಿಂತಿದ್ನಲ್ಲ, ಒಂದಿನಾನೂ ನೋಡ್ಲಿಲ್ವಾ?”