ಗೆರೆ ತಿರುಗಿದರೆ

ವಿಮಾನದ ಭಾಗಗಳನ್ನು ಮುರಿಯದೆ, ಒಳಗಿನ ಬಿರುಕನ್ನು ಪರದೆಯ ಮೇಲೆ ತೋರಿಸುವ ಲೇಸರ್ ಅವಳದೇ ವಿನ್ಯಾಸ. ಇಂದು ಮೊದಲ ಸಲ, ಹೊಸ ರೆಕ್ಕೆಯ ಪ್ಯಾನೆಲ್‌ನಲ್ಲಿ ಅದು ಕಪ್ಪು ಗೆರೆಯೊಂದನ್ನು ತೋರಿಸಿತು.

"ನಮ್ಮ ಪ್ಯಾನೆಲ್ ಸರಿಯಾಗೇ ಇದೆ ಮೇಡಂ. ನಿಮ್ಮ ಲೆನ್ಸಲ್ಲೇ ಗೀರು ಬಿದ್ದಿರ್ಬೇಕು," ಎಂದ ಪ್ಯಾನೆಲ್ ತಯಾರಿಸಿದ ಎಂಜಿನಿಯರ್.

"ನನ್ನ ಲೇಸರ್ ಸುಳ್ಳು ಹೇಳಲ್ಲ. ಪ್ಯಾನೆಲ್ಲನ್ನ ಅಡ್ಡಕ್ಕೆ ತಿರುಗಿಸಿ. ಗೆರೆನೂ ತಿರುಗಿದ್ರೆ ಬಿರುಕು ನಿಮ್ದು, ಅಲ್ಲೇ ನಿಂತ್ರೆ ತಪ್ಪು ನಂದು."

ಅವನು ಪ್ಯಾನೆಲ್‌ಗೆ ಕೈ ಹಾಕಿದ. ಹೊರಗೆ ವಿಮಾನವೊಂದು ಮೇಲೇರುವ ಸದ್ದು ಕೇಳಿಸಿತು.

"ಇದರ ಜೊತೇಲೇ ಇನ್ನೊಂದು ಪ್ಯಾನೆಲ್ ಮಾಡಿದ್ರಲ್ಲ, ಅದೆಲ್ಲಿ?" ಎಂದಳು ಅವಳು.

"ಈಗ ಹಾರಿತಲ್ಲ, ಅದ್ರಲ್ಲೇ ಇದೆ. ನಿಮ್ಮ ಲೇಸರ್ ಬರೋಕೆ ಮುಂಚೆನೇ ಹಾಕಿಬಿಟ್ವಿ."

ದೇವರೇ, ನನ್ನ ಲೆನ್ಸೇ ಹಾಳಾಗಿರಲಿ, ಎಂದುಕೊಂಡು ಅವಳು ಪರದೆಯನ್ನೇ ನೋಡಿದಳು.

ಪ್ಯಾನೆಲ್ ತಿರುಗಿತು. ಗೆರೆಯೂ ತಿರುಗಿತು.