ಮಗು ಕರೆದರೆ ತೆರೆಯುವ ಗೇಟು

“ಶುರು ಮಾಡೇಬಿಟ್ರೇನು?” ಎಂದು ಗುರುಪಾದಪ್ಪ ಶಾಲೆಯ ಗೇಟಿನ ಮುಂದೆ ನಿಂತು ಗಾಳಿಗೆ ಕೇಳಿದ. ಮಗಳು ನೀಲಾ ಇವತ್ತು ಶಾಲೆಯಲ್ಲಿ ಮೊದಲ ಸಲ ವಚನ ಹಾಡುವವಳಿದ್ದಳು. ಅವನು ಬೆಳಗಿನಿಂದ ಅದನ್ನೇ ಗುನುಗುತ್ತಿದ್ದ.

ಶಾಲೆಯ ಗೇಟು ಈಗೀಗ ದೊಡ್ಡವರ ಮಾತು ಕೇಳುವುದಿಲ್ಲ. ಒಳಗಿನ ಮಗುವೊಂದು ‘ಬರಲಿ’ ಎಂದರಷ್ಟೇ ತೆರೆಯುತ್ತದೆ. ಪಕ್ಕದ ಕಟ್ಟೆಯ ಮೇಲೆ ಶಿಕ್ಷಣಾಧಿಕಾರಿಗಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

“ಯಾಕ್ರಿ ಸಾಹೇಬ್ರ, ಯಾರೂ ಕರೀಲಿಲ್ಲೇನು?”

“ಹೋದ ಸಲ ಮಗ್ಗಿ ಕೇಳಿದ್ದೆ ನೋಡ್ರಿ, ಅದರ ಸಿಟ್ಟು.”

ಗುರುಪಾದಪ್ಪ ನಕ್ಕು ಗೇಟಿಗೆ ಅಂಗೈ ಒತ್ತಿದ. ಗೇಟು ಒಳಗೆ ಕೇಳಿತು: “ನೀಲಾ, ನಿಮ್ಮಪ್ಪ ಬಂದಾನ. ಬಿಡ್ಲೇನು?”

ಗೇಟಿನೊಳಗಿಂದ ನೀಲಾಳ ದನಿ ಬಂತು. “ಅಪ್ಪಾ, ನಾ ಒಂದು ಸಾಲು ಹಿಡಿಯೂದ್ರಾಗ ನೀ ಮುಂದಿಂದು ಹಾಡಿಬಿಡ್ತಿ. ಮಠದಾಗ ಹಾಡೋವ್ರಿಗೂ ಬಿಡೂದಿಲ್ಲ.”

“ಇವತ್ತ ತುಟಿ ಪಿಟಕ್ ಅನ್ನಂಗಿಲ್ಲವ್ವಾ! ಬಾಯಿಗೆ ಟವೆಲ್ ಕಟ್ಕೊಂಡು ಹಿಂದ ಕುಂದರ್ತೀನಿ. ಒಳಗ ಕರಿ!”

ಅಷ್ಟರಲ್ಲಿ ಒಳಗೆ ಹಾರ್ಮೋನಿಯಂ ಶ್ರುತಿ ಹಿಡಿಯಿತು. ಗುರುಪಾದಪ್ಪ ತನಗೇ ಗೊತ್ತಿಲ್ಲದಂತೆ ಕಣ್ಣು ಮುಚ್ಚಿ ವಚನದ ಮೊದಲ ಸಾಲು ಎತ್ತಿಕೊಂಡ. ಗೇಟು ಅದನ್ನು ಚಾಚೂ ತಪ್ಪದೆ ಒಳಕ್ಕೆ ಮುಟ್ಟಿಸಿತು.

“ಕೇಳಿಸ್ತಪ್ಪಾ,” ಎಂದಳು ನೀಲಾ. “ನೀ ಒಳಗ ಬರೂದು ಬ್ಯಾಡ.”