ನೋವಾದರೆ

ಗದಗಿನಲ್ಲಿ ಹದಿನೆಂಟು ವರ್ಷ ಹಲ್ಲಿನ ಡಾಕ್ಟರಾಗಿದ್ದವನು ಪರದೇಶದಲ್ಲಿ ಲೈಸೆನ್ಸಿಗಾಗಿ ಮತ್ತೆ ಪರೀಕ್ಷೆಗೆ ಕೂತಿದ್ದ. ಎದುರಿಗಿದ್ದದ್ದು ಪ್ಲಾಸ್ಟಿಕ್ಕಿನ ತಲೆ, ಬಾಯಿತುಂಬ ಪ್ಲಾಸ್ಟಿಕ್ಕಿನ ಹಲ್ಲು.

“ನೋವಾದ್ರ ಎಡಗೈ ಎತ್ರಿ.” ಊರಲ್ಲಿ ಪ್ರತಿ ರೋಗಿಗೂ ಹೇಳುತ್ತಿದ್ದ ಮಾತನ್ನೇ ಅದಕ್ಕೂ ಹೇಳಿ ಡ್ರಿಲ್ ಹಿಡಿದ. ಆಗಾಗ ನಿಲ್ಲಿಸಿ ಪಕ್ಕಕ್ಕೆ ನೋಡಿದ. ಮೂರನೇ ಹಲ್ಲು ಮುಗಿಯುವ ಮೊದಲೇ ಗಂಟೆ ಬಾರಿಸಿತು.

“ಕೆಲಸ ಚೊಕ್ಕವಾಗಿದೆ. ಆದರೆ ನಡುನಡುವೆ ನಿಲ್ಲಿಸಿದ್ದು ಯಾಕೆ?” ಪರೀಕ್ಷಕಿ ಕೇಳಿದಳು.

“ಕೈ ಎತ್ತುತ್ತಾರೇನೋ ಅಂತ.”

“ಇದಕ್ಕೆ ಕೈಗಳೇ ಇಲ್ಲವಲ್ಲ, ಡಾಕ್ಟರ್.”

ಆ ದೇಶಕ್ಕೆ ಬಂದ ಎರಡು ವರ್ಷಗಳಲ್ಲಿ ಅವನನ್ನು ಯಾರಾದರೂ ಡಾಕ್ಟರ್ ಎಂದು ಕರೆದದ್ದು ಅದೇ ಮೊದಲು. ಹಾಗೆ ಕರೆದವಳೇ ಹಾಳೆಯ ಮೇಲೆ ‘ಫೇಲ್’ ಎಂದು ಬರೆದಳು.

ಬಸ್‌ಸ್ಟಾಪಿನಲ್ಲಿ ಅವನೊಬ್ಬನೇ ಕೂತಿದ್ದಾಗ ಊರಿನಿಂದ ಹೆಂಡತಿಯ ಫೋನ್ ಬಂತು.

“ಪರೀಕ್ಷಾ ಹೆಂಗಾತರಿ?”

“ಚಲೋ ಆತು.”

“ದನಿ ಯಾಕೋ ಸಣ್ಣದಾಗೇತಿ. ಆರಾಮ ಅದೀರಿಲ್ಲೋ?”

“ಆರಾಮ ಅದೀನಿ,” ಎನ್ನುತ್ತ ಅವನು ಎಡಗೈ ಎತ್ತಿದ.